ಗಾಳಿ ಹಿಡಿಕೆ ಪೂರ್ತಿ ಮುಚ್ಚಿದರೂ ಒಲೆಯ ಉರಿ ಇಳಿಯುತ್ತಿಲ್ಲ, ಏನು ಮಾಡಲಿ?

ಮೂಡಿಗೆರೆ ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಹಾಲ್‌ನಲ್ಲಿ ಬೀಡು ಕಬ್ಬಿಣದ ಒಲೆ ಇದೆ. ಮುಂದೆ ಗಾಜಿನ ಬಾಗಿಲು, ಹಿಂದಿನಿಂದ ಹೊಗೆ ಕೊಳವೆ ಮಾಡಿನ ಮೇಲಕ್ಕೆ ಹೋಗಿದೆ. ಅಡುಗೆಗಲ್ಲ, ಮನೆ ಬೆಚ್ಚಗಿರಲಿ ಅಂತ 6 ವರ್ಷದ ಹಿಂದೆ ಹಾಕಿಸಿದ್ದು. ಅಮ್ಮನಿಗೆ ಮಂಡಿ ನೋವು. ಆಷಾಢದ ಮಳೆ ಹಿಡಿದರೆ ಅವರು ಇದರ ಪಕ್ಕ ಬಿಟ್ಟು ಏಳುವುದಿಲ್ಲ.

ಮೊದಲೆಲ್ಲ ಬಾಗಿಲ ಕೆಳಗಿನ ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ಐದು ನಿಮಿಷದಲ್ಲಿ ಉರಿ ಮೆತ್ತಗಾಗುತ್ತಿತ್ತು. ಈಗ ಪೂರ್ತಿ ತಳ್ಳಿದರೂ ಭರ್ರ್ ಅಂತ ಉರಿಯುತ್ತಲೇ ಇರುತ್ತದೆ. ರಾತ್ರಿ 9ಕ್ಕೆ ನಾಲ್ಕು ಸೌದೆ ಹಾಕಿದರೆ 11ಕ್ಕೆ ಬರೀ ಕೆಂಡ. ಮೊನ್ನೆ ಹೊಗೆ ಕೊಳವೆಯ ಬುಡ ನಸುಗೆಂಪಾಗಿತ್ತು, ನೋಡಿ ಹೆದರಿಕೆಯಾಯಿತು. ಹಿಡಿಕೆ ಬಿಚ್ಚಿ ನೋಡಿದೆ, ಒಳಗಿನ ತಗಡು ಚೆನ್ನಾಗಿಯೇ ಸರಿದಾಡುತ್ತಿದೆ. ಒಲೆ ಹಾಕಿಕೊಟ್ಟವರು ಫೋನ್‌ನಲ್ಲಿ ಸೌದೆ ಜಾಸ್ತಿ ಒಣಗಿರಬೇಕು ಅಂದರು, ಅಷ್ಟೇ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸಕಲೇಶಪುರ ವರ್ಕ್‌ಶಾಪ್

ಸರ್, ಕೊಳವೆ ಕೆಂಪಾಗಿದ್ದು ಸಣ್ಣ ವಿಷಯ ಅಲ್ಲ, ಅದನ್ನೇ ಮೊದಲು ಹೇಳುತ್ತೇನೆ. ಮತ್ತೆ ಹಾಗಾದರೆ ಬಾಗಿಲು ತೆಗೆಯಬೇಡಿ. ನೀರಂತೂ ಹಾಕಲೇಬೇಡಿ, ಕಾದ ಬೀಡು ಸೀಳು ಬಿಡುತ್ತದೆ. ಗಾಳಿ ದಾರಿ ಎಲ್ಲ ಮುಚ್ಚಿ, ಹೊಸ ಸೌದೆ ಹಾಕದೆ, ತಾನಾಗಿ ಇಳಿಯಲು ಬಿಡಿ.

ಸೌದೆ ಒಣಗಿದ್ದು ತಪ್ಪಲ್ಲ, ಒಣಗಿರಲೇಬೇಕು. ಹಿಡಿಕೆ ಸರಿಯಿದ್ದೂ ಉರಿ ಇಳಿಯುತ್ತಿಲ್ಲ ಅಂದರೆ ಗಾಳಿ ಬೇರೆ ಎಲ್ಲಿಂದಲೋ ನುಗ್ಗುತ್ತಿದೆ. ಬಾಗಿಲ ಅಂಚಿನ ಸುತ್ತ ಗಾಜಿನ ನೂಲಿನ ಹಗ್ಗ ಕೂರಿಸಿರುತ್ತಾರೆ, ನೋಡಿ. ಹೊಸದರಲ್ಲಿ ಬೆರಳಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ನಾಲ್ಕೈದು ವರ್ಷ ಬೆಂಕಿ ಕಂಡ ಮೇಲೆ ಚಪ್ಪಟೆಯಾಗಿ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಒಲೆ ಪೂರ್ತಿ ತಣ್ಣಗಿರುವಾಗ ಹತ್ತು ರೂಪಾಯಿ ನೋಟು ಬಾಗಿಲ ಸಂದಿಗೆ ಇಟ್ಟು ಚಿಲಕ ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಸೋರುತ್ತಿದೆ. ಒಂದೇ ಕಡೆ ನೋಡಿ ಬಿಡಬೇಡಿ, ನಾಲ್ಕೂ ಮೂಲೆ, ಕೀಲಿನ ಬದಿ ಎಲ್ಲ ನೋಡಿ.

ಕೆಳಗೆ ಬೂದಿ ತಟ್ಟೆಗೆ ಬೇರೆ ಬಾಗಿಲಿದೆಯಾ? ಇದ್ದರೆ ನನ್ನ ಅನುಮಾನ ಪೂರ್ತಿ ಅದರ ಮೇಲೆ. ಅಲ್ಲಿಂದ ಬರುವ ಗಾಳಿ ಜಾಲರಿಯ ಅಡಿಯಿಂದ ನೇರ ಕೆಂಡಕ್ಕೆ ತಾಗುತ್ತದೆ, ಕುಲುಮೆಗೆ ತಿದಿ ಒತ್ತಿದ ಹಾಗೆ. ಕೂದಲೆಳೆಯಷ್ಟು ಸಂದಿ ಸಾಕು.

ಕೊಪ್ಪದ ಹಳೇಮನೆ

ಇದು ನಿಜ ಮಾರಾಯ್ರೆ. ನಮ್ಮ ಬಚ್ಚಲೊಲೆಯಲ್ಲಿ ಉರಿ ಜಾಸ್ತಿಯಾದರೆ ಕೊಳ್ಳಿ ಹಿಂದಕ್ಕೆ ಎಳೆಯುತ್ತೇವೆ, ಅಲ್ಲಿಗೆ ಮುಗಿಯಿತು. ಬಾಗಿಲು ಹಾಕಿದ ಒಲೆಯಲ್ಲಿ ಸೌದೆ ಎಳೆಯುವ ಹಾಗಿಲ್ಲ, ಗಾಳಿ ಒಂದೇ ಕೈಯಲ್ಲಿರುವ ಲಗಾಮು. ನಮ್ಮಲ್ಲಿ ಮೊದಲು ಅಸ್ತ್ರ ಒಲೆ ಇತ್ತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಮನೆಗಳಿಗೆ ಅಂತ ಮಾಡಿದ್ದು. ಸೌದೆ ಹಾಕುವ ಬಾಯಿಯ ಮುಚ್ಚಳ ಮುರಿದ ಮೇಲೆ ಸೌದೆ ಜಾಸ್ತಿ ಹಿಡಿಯತೊಡಗಿತು. ಹೊಸ ಮುಚ್ಚಳ ಹಾಕಿಸಿದ ಮೇಲೆ ಸರಿಹೋಯಿತು.

ಇನ್ನೊಂದು ದಾರಿ ಇದೆ. ಹೊಗೆ ಕೊಳವೆಯೊಳಗೆ ತಿರುಗಿಸುವ ತಗಡು ಹಾಕಿಸಿ, ಎಳೆತ, ಅಂದರೆ ಕೊಳವೆ ಹೊಗೆಯನ್ನು ಮೇಲಕ್ಕೆ ಎಳೆಯುವ ಜೋರು, ಕಡಿಮೆಯಾಗುತ್ತದೆ.

ಚಿಕ್ಕಮಗಳೂರು ಕಾಫಿಗಿಡ

ಅಣ್ಣ, ಆ ತಗಡಿನ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಸೋರುವ ಬಾಗಿಲು ಹಾಗೇ ಬಿಟ್ಟು ಮೇಲೆ ಕೊಳವೆ ಮುಚ್ಚಿದರೆ ಹೊಗೆ ಎಲ್ಲಿಗೆ ಹೋಗಬೇಕು? ಹಾಲ್‌ಗೇ ಬರುತ್ತದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಕಾರ್ಬನ್ ಮೊನಾಕ್ಸೈಡ್ ಕಾಣುವುದೂ ಇಲ್ಲ, ಅದಕ್ಕೆ ವಾಸನೆಯೂ ಇಲ್ಲ. ವಯಸ್ಸಾದವರು ಪಕ್ಕದಲ್ಲೇ ಮಲಗುವ ಮನೆ, ದಯವಿಟ್ಟು ಬೇಡ. ಕೊಳವೆ ತುಂಬಾ ಎತ್ತರವಿದ್ದು, ಬಾಗಿಲೆಲ್ಲ ಬಿಗಿಯಾದ ಮೇಲೂ ಎಳೆತ ಜಾಸ್ತಿ ಅನಿಸಿದರೆ ಆಗ ತಿಳಿದವರಿಗೆ ತೋರಿಸಿ.

ಹಿಡಿಕೆ ಪೂರ್ತಿ ತಳ್ಳಿದರೂ ಸ್ವಲ್ಪ ಗಾಳಿ ಹೋಗುವ ಹಾಗೆ ಎಷ್ಟೋ ಒಲೆಗಳಲ್ಲಿ ತಯಾರಿಸುವಾಗಲೇ ಕಿಂಡಿ ಬಿಟ್ಟಿರುತ್ತಾರೆ. ಅದನ್ನು ಸೋರಿಕೆ ಅಂದುಕೊಂಡು ಮಣ್ಣು ಮೆತ್ತಬೇಡಿ. ನಮ್ಮಲ್ಲಿ ಒಂದು ಮಳೆಗಾಲ ಹಸಿ ಸಿಲ್ವರ್ ಓಕ್ ತುಂಬಿ, ಗಾಳಿ ಬಿಗಿ ಮಾಡಿ, ರಾತ್ರಿಯೆಲ್ಲ ಹೊಗೆಯಾಡಿಸಿದೆವು. ಗಾಜು ಕಪ್ಪಾಯಿತು, ಕೊಳವೆಯೊಳಗೆ ಡಾಂಬರಿನ ಹಾಗೆ ಹೊಳೆಯುವ ಮಸಿ ಕಟ್ಟಿತು. ಅದಕ್ಕೆ ಕಿಡಿ ತಾಗಿದರೆ ಕೊಳವೆಯೇ ಹತ್ತಿ ಉರಿಯುತ್ತದೆ. ನಿಮ್ಮದು ಕೆಂಪಾಗಿದೆ ಅಂದಿರಲ್ಲ, ಕೊಳವೆಯನ್ನೂ ಗುಡಿಸಿ ನೋಡಿಸಿ. ಸೌದೆಯ ತೇವ ನೂರಕ್ಕೆ 20ರೊಳಗೆ ಇರಬೇಕು. ರಾತ್ರಿಗೆ ಒಣಗಿದ ಕಾಫಿ ಬೊಡ್ಡೆ ಹಾಕಿ, ಗಟ್ಟಿ ಮರ, ನಿಧಾನಕ್ಕೆ ಉರಿಯುತ್ತದೆ.

ಮೂಡಿಗೆರೆ ತೋಟದಮನೆ

ಸಿಕ್ಕಿತು! ಮೇಲಿನ ಗಾಜಿನ ಬಾಗಿಲಲ್ಲಿ ನೋಟು ಎಲ್ಲ ಕಡೆ ಬಿಗಿ. ಬೂದಿ ಬಾಗಿಲಲ್ಲಿ ಮೂರು ಬದಿ ಬಿಗಿ, ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಎಳೆಯುವ ಮೊದಲೇ ಕೆಳಗೆ ಬಿತ್ತು. ಸಂಜೆ ಸಣ್ಣ ಉರಿ ಹಾಕಿ ಊದುಬತ್ತಿ ಹಚ್ಚಿ ಆ ಮೂಲೆಗೆ ಹಿಡಿದೆ. ನೆಟ್ಟಗೆ ಏಳುತ್ತಿದ್ದ ಹೊಗೆ ಅಡ್ಡ ತಿರುಗಿ ದಾರದ ಹಾಗೆ ಸಂದಿಯೊಳಗೆ ಹೋಯಿತು. ಅಮ್ಮನಿಗೂ ಕರೆದು ತೋರಿಸಿದೆ. ಮರುದಿನ ಬಿಚ್ಚಿದರೆ ಮೂರು ಬೆರಳಗಲ ಹಗ್ಗ ಉದುರಿ ಹೋಗಿದೆ, ಆ ಜಾಗದಲ್ಲಿ ಹುಣಸೆ ಬೀಜದಷ್ಟು ಇದ್ದಲ ಚೂರು ಸಿಕ್ಕಿಕೊಂಡು ಬಾಗಿಲನ್ನು ಎತ್ತಿ ಹಿಡಿದಿದೆ. ಹಗ್ಗ ಎಷ್ಟು ದಪ್ಪದ್ದು ತರಲಿ?

ಸಕಲೇಶಪುರ ವರ್ಕ್‌ಶಾಪ್

ಹಳೆಯದನ್ನು ಅಳೆದು ಮೋಸ ಹೋಗಬೇಡಿ, ಅದು ಒತ್ತಿ ಸಣ್ಣಗಾಗಿರುತ್ತದೆ. ಹಗ್ಗ ಕೂರುವ ಕಾಲುವೆಯ ಅಗಲ ಅಳೆಯಿರಿ. ಹಾಸನದಲ್ಲಿ ಬಾಯ್ಲರ್ ಸಾಮಾನಿನ ಅಂಗಡಿಯಲ್ಲಿ ಕೇಳಿ ನೋಡಿ. ಗಾಜಿನ ನೂಲಿನದ್ದೇ ಬೇಕು ಅನ್ನಿ, ಆಸ್ಬೆಸ್ಟಾಸ್ ಕೊಟ್ಟರೆ ತಗೋಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಳೇ ಅಂಟು ಪೂರ್ತಿ ಕೆರೆದು, ಶಾಖ ತಡೆಯುವ ಅಂಟು ಹಚ್ಚಿ ಕೂರಿಸಿ. ಹಗ್ಗವನ್ನು ಎಳೆದು ಉದ್ದ ಮಾಡಬೇಡಿ, ಸಡಿಲವಾಗಿ ಒಳಗೆ ಒತ್ತುತ್ತಾ ಹೋಗಿ.

ಮೂಡಿಗೆರೆ ತೋಟದಮನೆ

10 ಎಂಎಂ ಹಗ್ಗ ಹಾಕಿದೆ, ಒಂದು ದಿನ ಒಣಗಲು ಬಿಟ್ಟೆ. ಕೊಳವೆಯನ್ನೂ ಗುಡಿಸಿಸಿದೆ, ಅರ್ಧ ಬಕೆಟ್ ಮಸಿ ಬಂತು. ನಿನ್ನೆ ಹಿಡಿಕೆ ಅರ್ಧ ತಳ್ಳುವಷ್ಟರಲ್ಲೇ ಉರಿ ತಗ್ಗಿತು. ರಾತ್ರಿ ಎರಡು ಕಾಫಿ ಬೊಡ್ಡೆ ಹಾಕಿದ್ದೆ, ಬೆಳಿಗ್ಗೆ 5ಕ್ಕೆ ಬೂದಿ ಕೆದಕಿದರೆ ಇನ್ನೂ ಕೆಂಡ ಇತ್ತು. ಅದರ ಮೇಲೇ ಪುರಲೆ ಹಾಕಿ ಹೊತ್ತಿಸಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.