ಸೀಲ್ ನೋಡಲು ಹೋದರೆ ದುರ್ಬೀನಿನೊಳಗೇ ಮಂಜು: ಕಾರಣ ಏನಿರಬಹುದು?

ತೋಟದಮನೆ_ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದ ನಾವು ಕಡಲತೀರದಲ್ಲಿ ಕಡಲಪ್ರಾಣಿಗಳಾದ ಸೀಲ್‌ಗಳನ್ನು ನೋಡುವುದಕ್ಕೆಂದೇ ಎರಡು ದಿನ ಮೀಸಲಿಟ್ಟಿದ್ದೆವು. ಮರಳಿನ ಮೇಲೆ ಕಣ್ಣು ಹಾಯಿಸಿದಷ್ಟು ದೂರವೂ ಅವು ಮಲಗಿದ್ದವು ಮತ್ತು ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದವು. ಆದರೆ ದುರ್ಬೀನನ್ನು ಕಣ್ಣಿಗೆ ಹಿಡಿದ ಕೂಡಲೇ ಎಲ್ಲವೂ ಅಕ್ಕಿ ತೊಳೆದ ನೀರಿನ ಆಚೆ ಇದ್ದಂತೆ ಮಸುಕಾಗಿಬಿಡುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಆಟಿಕೆಯಂಥ ದುರ್ಬೀನಿನಲ್ಲಿ ಮರಿಗಳ ಮೀಸೆಯನ್ನು ನೋಡಿ ನಗುತ್ತಿದ್ದಳು. ನಾನು ಫೋಕಸ್ ಚಕ್ರವನ್ನು ತಿರುಗಿಸುತ್ತಾ ಬೆರಳು ಮರಗಟ್ಟಿಸಿಕೊಂಡು ನಿಂತಿದ್ದೆ. ಜೂನ್ ಕೊನೆಯಲ್ಲಿ ಮತ್ತೆ ಹೋಗುವುದಿದೆ. ದುರ್ಬೀನು ಒಳ್ಳೆಯದು, ಒಮ್ಮೆಯೂ ಕೆಳಗೆ ಬಿದ್ದಿಲ್ಲ. ಪರಿಹಾರ ತಿಳಿದವರು ದಯವಿಟ್ಟು ಹೇಳಬೇಕು.

ರಾಜಾಸೀಟ್_ಸಂಜೆ

ಇದರಲ್ಲಿ ಉಪಕರಣದ ತಪ್ಪೇನೂ ಇಲ್ಲ. ಮರಳು ಕಾದು ಅದರ ಮೇಲಿನ ಗಾಳಿ ನಡುಗಿದಾಗ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನು ಆ ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ. ಬರಿಗಣ್ಣಿಗೆ ಸರಿಯಾಗಿ ಕಂಡದ್ದು ಅದಕ್ಕೇ. ಸೂರ್ಯ ಏರುವ ಮೊದಲು ಹೋಗಿ ನೋಡಿ, ಸಮಸ್ಯೆ ತಾನಾಗಿ ಕರಗುತ್ತದೆ.

ಬಾರಪೊಳೆ_ತೀರ

ಪ್ರಶ್ನೆ ಕೇಳಿದವರು ಯಾವ ತಿಂಗಳು, ಯಾವ ತೀರ, ಎಂಥ ದುರ್ಬೀನು ಎಂಬುದನ್ನೇ ಹೇಳಿಲ್ಲ. ಎರಡು ಕೊಳವೆಗಳಲ್ಲೂ ಮಸುಕಿತ್ತೇ ಅಥವಾ ಒಂದರಲ್ಲಿ ಮಾತ್ರವೇ? ಹೊರಗಿನ ಗಾಜನ್ನು ಒರೆಸಿದಾಗ ಹೋಯಿತೇ? ಇಷ್ಟು ತಿಳಿಯದೆ ಉತ್ತರ ಹೇಳುವುದೆಂದರೆ ಕವಡೆ ಹಾಕಿದಂತೆ. ಅಂದ ಹಾಗೆ, ನಮ್ಮ ತೋಟದ ಕೆಳಗಿನ ಹೊಳೆಯಲ್ಲಿ ನೀರುನಾಯಿಗಳನ್ನು ನಾನು 20ರಿಂದ 60 ಪಟ್ಟಿನ, 80 ಮಿಲಿಮೀಟರ್ ಗಾಜಿನ ದೂರದರ್ಶಕವನ್ನು ಮುಕ್ಕಾಲಿಯ ಮೇಲಿಟ್ಟು ನೋಡುತ್ತೇನೆ. ಅದರ ಮುಂದೆ ಕೈದುರ್ಬೀನೆಲ್ಲ ಮಕ್ಕಳಾಟಿಕೆ. ಸೀಲ್ ಎಂದರೂ ಕಡಲಿನ ನೀರುನಾಯಿಯೇ ತಾನೆ.

ಭಾಗಮಂಡಲದ_ಮಳೆ

ಕ್ಷಮಿಸಿ, ಸೀಲ್ ನೀರುನಾಯಿಯಲ್ಲ. ದುಬಾರೆಯಲ್ಲಿ ಕಾಣುವ ನೀರುನಾಯಿ ಮುಂಗುಸಿಯಂತೆ ನಾಲ್ಕು ಕಾಲಿನ ಮೇಲೆ ಓಡಾಡುವ ಪ್ರಾಣಿ; ಸೀಲ್‌ನ ಕಾಲುಗಳು ಈಜುರೆಕ್ಕೆಗಳಾಗಿವೆ, ಆದ್ದರಿಂದ ಅದು ನೆಲದ ಮೇಲೆ ಹೊಟ್ಟೆಯನ್ನೆಳೆದುಕೊಂಡು ಕಂಬಳಿಹುಳುವಿನಂತೆ ಸಾಗುತ್ತದೆ. ಸರ್ಕಸ್ಸಿನಲ್ಲಿ ಮೂಗಿನ ಮೇಲೆ ಚೆಂಡು ನಿಲ್ಲಿಸುವುದು ಇವೆರಡೂ ಅಲ್ಲದ ಕಡಲಸಿಂಹ. ಅದಕ್ಕೆ ಹೊರಕಿವಿ ಇದೆ, ಸೀಲ್‌ಗೆ ಇಲ್ಲ.

ಬಾರಪೊಳೆ_ತೀರ

ಹೆಸರಿನ ಚರ್ಚೆಗೆ ನಾನು ಬಂದವನಲ್ಲ. ನಮ್ಮ ಅಜ್ಜಿಯ ಕಾಲದಿಂದಲೂ ನೀರಿನಲ್ಲಿ ಮುಳುಗಿ ಮೀನು ತಿನ್ನುವ, ಮೀಸೆಯಿರುವ ಪ್ರಾಣಿಗೆ ನೀರುನಾಯಿ ಎಂದೇ ಕರೆಯುತ್ತ ಬಂದಿದ್ದೇವೆ.

ಭಾಗಮಂಡಲದ_ಮಳೆ

ನಿಮ್ಮ ಅಜ್ಜಿಯವರು ಸೀಲ್ ನೋಡಿರಲಿಕ್ಕಿಲ್ಲ. ನಮ್ಮ ಕರಾವಳಿಯಲ್ಲಿ ಅದು ಇಲ್ಲವೇ ಇಲ್ಲ.

ತೋಟದಮನೆ_ವಿರಾಜಪೇಟೆ

ಕೇಳಿದ ವಿವರಗಳನ್ನು ಕೊಡುತ್ತೇನೆ. ಹೋದದ್ದು ಡಿಸೆಂಬರಿನಲ್ಲಿ, ನಾರ್ಫಕ್ ಪ್ರಾಂತ್ಯದ ಹಾರ್ಸಿ ಎಂಬ ಊರಿನ ತೀರಕ್ಕೆ. ಅಲ್ಲಿ ಬೂದು ಸೀಲ್‌ಗಳು ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಮರಿ ಹಾಕುತ್ತವೆ. ಹತ್ತಿರ ಹೋದರೆ ತಾಯಿ ಬೆದರಿ ಮರಿಯನ್ನು ಬಿಟ್ಟುಹೋಗುವ ಅಪಾಯವಿರುವುದರಿಂದ ತೀರಕ್ಕಿಳಿಯದಂತೆ ಹಗ್ಗ ಕಟ್ಟಿ, ಮರಳದಿಬ್ಬದ ಮೇಲಿನಿಂದಲೇ ನೋಡಲು ಬಿಡುತ್ತಾರೆ. ಆ ದೂರದಿಂದ ಮರಿಯ ಮುಖ ಕಾಣಬೇಕಾದರೆ ದುರ್ಬೀನು ಬೇಕೇ ಬೇಕು, ನನ್ನ ದುಃಖವೂ ಅದೇ. ದುರ್ಬೀನು 10×50, ಅಂದರೆ ಹತ್ತು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 50 ಮಿಲಿಮೀಟರ್ ಅಗಲವಿರುವಂಥದ್ದು, ನಮ್ಮ ದೊಡ್ಡಪ್ಪನವರದ್ದು. ಹೊರಗಿನ ಗಾಜನ್ನು ಹತ್ತು ಸಲ ಒರೆಸಿದರೂ ಮಸುಕು ಹೋಗಲಿಲ್ಲ. ಎಡಗಣ್ಣಿನಲ್ಲಿ ಹೆಚ್ಚೆಂದು ತೋರುತ್ತದೆ, ಆದರೆ ನಾನು ಕನ್ನಡಕ ಹಾಕುವವನಾದ್ದರಿಂದ ಖಚಿತವಾಗಿ ಹೇಳಲಾರೆ.

ರಾಜಾಸೀಟ್_ಸಂಜೆ

ಡಿಸೆಂಬರ್ ಎಂದಮಾತ್ರಕ್ಕೆ ನನ್ನ ಮಾತು ಸುಳ್ಳಾಗುವುದಿಲ್ಲ. ಚಳಿಗಾಲದಲ್ಲಿ ಅಲ್ಲಿನ ಗಾಳಿಗಿಂತ ಕಡಲ ನೀರು ಬೆಚ್ಚಗಿರುವ ದಿನಗಳು ಬೇಕಾದಷ್ಟಿವೆ. ಬೆಚ್ಚಗಿನ ನೀರಿನ ಮೇಲೆ ತಣ್ಣನೆಯ ಗಾಳಿ ಹಾಯ್ದಾಗಲೂ ಇದೇ ನಡುಕ ಉಂಟಾಗುತ್ತದೆ. ನಮ್ಮ ರಾಜಾಸೀಟಿನಿಂದ ಕಣಿವೆಯ ಆಚೆಗಿನ ಬೆಟ್ಟಸಾಲನ್ನು ಮಧ್ಯಾಹ್ನ ದುರ್ಬೀನಿನಲ್ಲಿ ನೋಡಿದವರಿಗೆಲ್ಲ ಇದರ ಅನುಭವವಿದೆ.

ಗಾಜುಒರೆಸುವವ

ಬೆಟ್ಟಸಾಲು ಇರುವುದು ಮೈಲಿಗಟ್ಟಲೆ ದೂರದಲ್ಲಿ, ದಿಬ್ಬದ ಕೆಳಗಿನ ಸೀಲ್ ಇರುವುದು ಕೆಲವು ಹತ್ತು ಮೀಟರ್ ದೂರದಲ್ಲಿ. ಅಷ್ಟು ಗಿಡ್ಡ ಅಂತರದಲ್ಲಿ ಗಾಳಿಯ ನಡುಕ ಇಡೀ ಚಿತ್ರವನ್ನು ಬಿಳಿಚಿಸಲಾರದು. ನಡುಕವಿದ್ದರೆ ಅಂಚುಗಳು ಅಲೆಯಾಡುತ್ತವೆ. ಇವರು ಹೇಳುತ್ತಿರುವುದು ಅಲೆಯಾಟವನ್ನಲ್ಲ, ಹಾಲಿನ ಪರದೆಯನ್ನು. ಇನ್ನೊಂದು ಮುಖ್ಯ ಪ್ರಶ್ನೆ: ಸೂರ್ಯ ಯಾವ ಕಡೆಗಿದ್ದ?

ತೋಟದಮನೆ_ವಿರಾಜಪೇಟೆ

ಬೆಳಗಿನ ಹೊತ್ತು. ಆ ತೀರ ಈಶಾನ್ಯಕ್ಕೆ ಮುಖಮಾಡಿದೆ. ಸೂರ್ಯ ಬಲಗಡೆಯಿಂದ, ತೀರಾ ಕೆಳಗಿನಿಂದ ಓರೆಯಾಗಿ ಹೊಡೆಯುತ್ತಿದ್ದ. ಅಲ್ಲಿ ಆ ತಿಂಗಳು ಹಗಲಿರುವುದೇ ಎಂಟು ಗಂಟೆಗಿಂತ ಕಡಿಮೆ. ಬಲಕ್ಕೆ ತಿರುಗಿದಷ್ಟೂ ಮಸುಕು ಹೆಚ್ಚಾಗುತ್ತಿತ್ತು ಎಂಬುದು ನೀವು ಕೇಳಿದ ಮೇಲೆ ನೆನಪಾಗುತ್ತಿದೆ.

ಗಾಜುಒರೆಸುವವ

ಹಾಗಾದರೆ ಗಾಜಿನ ಮೇಲೆ ಬೆಳಕನ್ನು ಚದುರಿಸುವ ಏನೋ ಒಂದು ಕುಳಿತಿದೆ. ಅದು ಒಳಗಿನ ತೇವ ಇರಬಹುದು ಇಲ್ಲವೇ ಬೂಷ್ಟು ಇರಬಹುದು. ಈಗ ನೀವು ಇನ್ನೂ ಹೇಳದಿರುವ ಸಂಗತಿಯೊಂದಿದೆ: ಪ್ರವಾಸಕ್ಕೆ ಮುಂಚೆ ಆ ದುರ್ಬೀನು ಎಲ್ಲಿತ್ತು?

ತೋಟದಮನೆ_ವಿರಾಜಪೇಟೆ

ಅದರ ಚರ್ಮದ ಪೆಟ್ಟಿಗೆಯಲ್ಲೇ, ಮರದ ಬೀರುವಿನಲ್ಲಿ ಜೋಪಾನವಾಗಿತ್ತು. ದೊಡ್ಡಪ್ಪನವರು ತೀರಿಕೊಂಡ ಮೇಲೆ ಐದಾರು ಮಳೆಗಾಲ ಕಳೆದಿರಬಹುದು, ಯಾರೂ ಮುಟ್ಟಿಲ್ಲ.

ಗಾಜುಒರೆಸುವವ

ಇದನ್ನು ಮೊದಲ ಸಾಲಿನಲ್ಲೇ ಹೇಳಿದ್ದರೆ ನಾವು ಇಷ್ಟು ದೂರ ಅಲೆಯಬೇಕಿರಲಿಲ್ಲ. ಕೈಲ್‌ಪೊಳ್ದ್ ಹಬ್ಬ ಬಂದಾಗ ಕೋವಿಯನ್ನು ಹೊರತೆಗೆದು ಒರೆಸಿ, ಎಣ್ಣೆ ಹಚ್ಚಿ, ಹೂವಿಟ್ಟು ಪೂಜಿಸುವ ನಮ್ಮ ಮನೆಗಳಲ್ಲಿ ದುರ್ಬೀನನ್ನು ಮಾತ್ರ ಯಾರೂ ಪೆಟ್ಟಿಗೆಯಿಂದ ತೆಗೆಯುವುದಿಲ್ಲ. ಚರ್ಮವೂ ಮರವೂ ಕಕ್ಕಡದ, ಅಂದರೆ ನಮ್ಮ ಜಡಿಮಳೆಯ ತಿಂಗಳಿನ, ತೇವವನ್ನು ಹೀರಿ ಹಿಡಿದುಕೊಳ್ಳುತ್ತವೆ. ಆದ್ದರಿಂದ ಜೋಪಾನವೆಂದು ನೀವು ಭಾವಿಸಿದ ಜಾಗವೇ ಬೂಷ್ಟಿಗೆ ಹೇಳಿಮಾಡಿಸಿದ ಜಾಗ. ನಿಮ್ಮದು ಹಳೆಯ ಮಾದರಿಯಾದರೆ, ಚಕ್ರ ತಿರುಗಿಸಿದಾಗಲೆಲ್ಲ ಕಣ್ಣಿನ ಕಡೆಯ ಕೊಳವೆ ಹೊರಗೆ ಬಂದು ಒಳಗೆ ಹೋಗುತ್ತದೆ ಮತ್ತು ಪ್ರತಿ ಸಲವೂ ಹೊರಗಿನ ತೇವದ ಗಾಳಿಯನ್ನು ಒಳಕ್ಕೆಳೆಯುತ್ತದೆ. ಹೊಸ ಜಲನಿರೋಧಕ ದುರ್ಬೀನುಗಳಲ್ಲಿ ಒಳಗೆ ಸಾರಜನಕ ತುಂಬಿ ಮುಚ್ಚಿರುವುದು ಈ ಕಾರಣಕ್ಕೇ.

ಪರೀಕ್ಷೆ ಸುಲಭ. ರಾತ್ರಿ ದೀಪಗಳನ್ನು ಆರಿಸಿ, ದೊಡ್ಡ ಗಾಜಿನ ಕಡೆಯಿಂದ ಟಾರ್ಚನ್ನು ಸ್ವಲ್ಪ ಓರೆಯಾಗಿ ಹಿಡಿದು, ಅದೇ ಕಡೆಯಿಂದ ಒಳಗೆ ಇಣುಕಿ ನೋಡಿ. ಕಣ್ಣಿನ ಕಡೆಯಿಂದ ಟಾರ್ಚಿನ ಬೆಳಕನ್ನು ನೇರವಾಗಿ ನೋಡಬೇಡಿ. ಸಮನಾದ ಹಬೆಯಂತಿದ್ದರೆ ತೇವ. ಜೇಡರ ಬಲೆಯಂತೆ ಅಥವಾ ಮರದ ಬೇರಿನಂತೆ ಕವಲೊಡೆದ ಎಳೆಗಳಿದ್ದರೆ ಬೂಷ್ಟು.

ಸುಂಟಿಕೊಪ್ಪ_ಸಂತೆ

ಬೂಷ್ಟೇ ಆಗಿದ್ದರೆ ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಡಿ. ನಮ್ಮ ಮೊಬೈಲು ಹಾಗೆಯೇ ಬದುಕಿಕೊಂಡಿತು. ಅಥವಾ ಒಲೆಯ ಮೇಲಿನ ಅಟ್ಟದಲ್ಲಿಡಿ, ಹೊಗೆಗೆ ಯಾವ ಹುಳವೂ ನಿಲ್ಲುವುದಿಲ್ಲ.

ಗಾಜುಒರೆಸುವವ

ಎರಡನ್ನೂ ಮಾಡಬೇಡಿ. ಅಕ್ಕಿಯ ಹಿಟ್ಟಿನ ಧೂಳು ಸಂದುಗಳಲ್ಲಿ ಸೇರಿ ಬೂಷ್ಟಿಗೇ ಊಟವಾಗುತ್ತದೆ, ಹೊಗೆಯ ಜಿಡ್ಡು ಗಾಜಿನ ಮೇಲೆ ಇನ್ನೊಂದು ಪರದೆ ಹಾಕುತ್ತದೆ. ಅಟ್ಟ ಮೀನಿಗೂ ಮೆಣಸಿಗೂ ಸರಿ.

ತೋಟದಮನೆ_ವಿರಾಜಪೇಟೆ

ನಿನ್ನೆ ರಾತ್ರಿ ನೋಡಿದೆ. ಎಡಗೊಳವೆಯಲ್ಲಿ ಅಂಚಿನಿಂದ ನಡುವಿನವರೆಗೆ ಬೆಳ್ಳಿಯ ಎಳೆಗಳು ಬೇರಿನಂತೆ ಹಬ್ಬಿವೆ. ಬಲಗೊಳವೆಯಲ್ಲಿ ಎಳೆಗಳಿಲ್ಲ, ತೆಳುವಾದ ಹಬೆಯಂತಿದೆ. ಇಷ್ಟು ವರ್ಷ ಅದರ ಬಗ್ಗೆ ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ ಎಂಬುದನ್ನು ನೆನೆದರೆ ನಗು ಬರುತ್ತದೆ. ಬಿಚ್ಚಿ ಒರೆಸಬಹುದೇ?

ಗಾಜುಒರೆಸುವವ

ನೀವೇ ಬಿಚ್ಚಬೇಡಿ. ಒಳಗಿನ ಪಟ್ಟಕಗಳು ಕೂದಲೆಳೆಯಷ್ಟು ಸರಿದರೂ ಎರಡು ಕಣ್ಣಿಗೆ ಎರಡು ಬೇರೆ ಸೀಲ್ ಕಾಣಿಸಿ ತಲೆನೋವು ಬರುತ್ತದೆ. ದುರ್ಬೀನು ರಿಪೇರಿ ಬಲ್ಲವರಿಗೆ ಕೊಟ್ಟರೆ ಬಿಚ್ಚಿ ತೊಳೆದು ಮತ್ತೆ ಹೊಂದಿಸಿಕೊಡುತ್ತಾರೆ. ಆದರೆ ಬೂಷ್ಟು ಉಗುಳುವ ಆಮ್ಲ ಗಾಜಿನ ಲೇಪವನ್ನು ಕೊರೆದಿದ್ದರೆ ಆ ಕಲೆ ತೊಳೆದರೂ ಹೋಗದು. ಜೂನಿನ ಪ್ರವಾಸಕ್ಕೆ ಮುಚ್ಚಿದ ಮಾದರಿಯ 8×42 ಒಂದನ್ನು ಕೊಳ್ಳುವುದೇ ಲೇಸು. ಕನ್ನಡಕದವರು ಕಣ್ಣಿನ ಕಡೆಯ ರಬ್ಬರನ್ನು ಒಳಕ್ಕೆ ಮಡಚಿ ನೋಡಬೇಕು. ದೋಣಿಯಲ್ಲಿ ಹೋಗುವುದಾದರೆ ಅದರ ಕುಲುಕಾಟದಲ್ಲಿ ಹತ್ತು ಪಟ್ಟಿಗಿಂತ ಎಂಟು ಪಟ್ಟೇ ಕೈಯಲ್ಲಿ ನಿಲ್ಲುತ್ತದೆ.

ಭಾಗಮಂಡಲದ_ಮಳೆ

ಜೂನಿನಲ್ಲಿ ಹೋಗುವುದಾದರೆ ಅದೇ ಪ್ರಾಂತ್ಯದ ಬ್ಲೇಕ್ನಿ ಪಾಯಿಂಟ್‌ಗೆ ಮಾರ್ಸ್ಟನ್ ದಕ್ಕೆಯಿಂದ ದೋಣಿಯಲ್ಲಿ ಹೋಗಿ. ಆಗ ಮರಿ ಹಾಕುವುದು ಬೂದು ಸೀಲ್ ಅಲ್ಲ, ಸಾಮಾನ್ಯ ಸೀಲ್. ಅದರ ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಈಜುತ್ತದೆ. ನೀವು ಡಿಸೆಂಬರಿನಲ್ಲಿ ನೋಡಿದ ಬೂದು ಸೀಲ್‌ನ ಬಿಳಿತುಪ್ಪಳದ ಮರಿ ಸುಮಾರು 18 ದಿನ ತಾಯಿಯ ಗಟ್ಟಿಹಾಲು ಕುಡಿದು ದಡದಲ್ಲೇ ಬಿದ್ದಿರುತ್ತದೆ. ಎರಡು ಜಾತಿಗಳನ್ನೂ ಮೂತಿಯಿಂದ ಗುರುತಿಸಬಹುದು: ಬೂದು ಸೀಲ್‌ಗೆ ಕುದುರೆಯಂತೆ ಉದ್ದನೆಯ ನೇರ ಮೂತಿ, ಬೇರೆಬೇರೆಯಾಗಿರುವ ಸಮಾಂತರ ಹೊಳ್ಳೆಗಳು, ಸಾಮಾನ್ಯ ಸೀಲ್‌ಗೆ ನಾಯಿಮರಿಯಂಥ ದುಂಡು ಮುಖ, ಕೆಳಗೆ ಕೂಡಿಕೊಳ್ಳುವಂತೆ ಓರೆಯಾದ ಹೊಳ್ಳೆಗಳು. ಹೊಳ್ಳೆ ಕಂಡರೆ ನಿಮ್ಮ ಹೊಸ ದುರ್ಬೀನು ಪಾಸಾದಂತೆ.

ಬಾರಪೊಳೆ_ತೀರ

ನಾಯಿಮರಿಯಂಥ ಮುಖ ಎಂದು ಈಗ ತಾವೇ ಒಪ್ಪಿಕೊಂಡಿರಿ.

ರಾಜಾಸೀಟ್_ಸಂಜೆ

ಜೂನಿನಲ್ಲಿ ಮರಳು ನಿಜವಾಗಿಯೂ ಕಾದಿರುತ್ತದೆ. ಹೊಸ ದುರ್ಬೀನಿನಲ್ಲೂ ಮಧ್ಯಾಹ್ನ ದೂರದ ದಂಡೆ ಅಲೆಯಾಡಿದರೆ ನನ್ನ ಮೊದಲ ಉತ್ತರವನ್ನು ದಯವಿಟ್ಟು ಮತ್ತೊಮ್ಮೆ ಓದಿ.

ತೋಟದಮನೆ_ವಿರಾಜಪೇಟೆ

ಎಲ್ಲರಿಗೂ ಕೃತಜ್ಞತೆಗಳು. 8×42 ತರಿಸಿದ್ದೇನೆ. ಕೊನೆಯದಾಗಿ ಒಂದು ಅನುಮಾನ: ಹಳೆಯದನ್ನು ಬಿಸಾಡಲು ಮನಸ್ಸಿಲ್ಲ. ಅದನ್ನೂ ಹೊಸದನ್ನೂ ಅದೇ ಬೀರುವಿನಲ್ಲಿಟ್ಟರೆ ಬೂಷ್ಟು ಅಂಟುತ್ತದೆಯೇ?

ಗಾಜುಒರೆಸುವವ

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ, ಅವು ಮೊಳೆಯುವಂತೆ ಮಾಡುವುದು ತೇವ. ಆದರೂ ಬೇರೆಬೇರೆಯಾಗಿಡಿ. ಹೊಸದನ್ನು ಚರ್ಮದ ಚೀಲದಿಂದ ತೆಗೆದು, ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆಗಿಡಿ. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಬಿಸಿಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ, ಆ ಬಣ್ಣ ವಿಷ. ಒಳಗೊಂದು ಅಗ್ಗದ ತೇವಮಾಪಕ ಇಟ್ಟು, ಮುಳ್ಳು ಶೇಕಡ 40ರಿಂದ 50ರ ನಡುವೆ ನಿಲ್ಲುವಂತೆ ನೋಡಿಕೊಳ್ಳಿ. ಮತ್ತು ಕಕ್ಕಡದಲ್ಲಿ ವಾರಕ್ಕೊಮ್ಮೆಯಾದರೂ ಡಬ್ಬದತ್ತ ಕಣ್ಣುಹಾಯಿಸಿ.