ಗೊಬ್ಬರದ ರಾಶಿಯಲ್ಲಿ ಹಸಿರಾಗಿ ಬೆಳಗಿದ ಜರಿ ಯಾವುದು?

ನಾಪೋಕ್ಲಿನ ಬೆಳೆಗಾರ:
ಕಳೆದ ವಾರ ಮುಸ್ಸಂಜೆಯಲ್ಲಿ, ಕಾಳುಮೆಣಸಿನ ನರ್ಸರಿಗೆಂದು ಹಳೆಯ ಕಾಫಿ ಸಿಪ್ಪೆಯ ಗೊಬ್ಬರವನ್ನು ಎಳೆಯುತ್ತಿದ್ದಾಗ, ದಾರದಷ್ಟು ತೆಳ್ಳಗಿನ, ಬೆರಳುದ್ದದ, ಮಾಸಲು ಹಳದಿ ಜರಿಯೊಂದು ಹೊರಬಿತ್ತು. ಗುದ್ದಲಿ ತಗುಲಿದ ಕೂಡಲೇ ಅದರ ಮೈಯಡಿಯಿಂದ ಹಸಿರು ಬೆಳಕು ಹೊಮ್ಮಿತು; ಹುಳು ಮಣ್ಣಿಗಿಳಿದ ಮೇಲೂ ಗುದ್ದಲಿಯ ಅಲಗಿನ ಮೇಲೆ ಬೆಳಕಿನ ಗೆರೆ ಕೆಲವು ಕ್ಷಣ ಉಳಿದಿತ್ತು. ಔಷಧಿ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಬೇರು ತಿನ್ನುವ ಹುಳುವೆಂದು ಹೇಳಿ ಹರಳು ಕೀಟನಾಶಕ ಕೊಟ್ಟರು. ಪೊಟ್ಟಣ ಇನ್ನೂ ಒಡೆದಿಲ್ಲ. ಹಾಕಬೇಕೇ?

ಮಡಿಕೇರಿಯ ಜೀವಶಾಸ್ತ್ರ ಅಧ್ಯಾಪಕ:
ದಯವಿಟ್ಟು ಹಾಕಬೇಡಿ. ಹುಳುವನ್ನು ಕಣ್ಣಾರೆ ನೋಡದೆ ಪ್ರಭೇದವನ್ನು ಖಚಿತಪಡಿಸಲಾಗದಾದರೂ, ನಿಮ್ಮ ವಿವರಣೆ ಭಾರತವೂ ಸೇರಿದಂತೆ ಉಷ್ಣವಲಯದ ಹಲವೆಡೆ ಕಾಣಸಿಗುವ ಆರ್ಫ್ನಿಯಸ್ ಬ್ರೆವಿಲೇಬಿಯೇಟಸ್ ಎಂಬ ಮಣ್ಣುವಾಸಿ ಜರಿಗೆ ಚೆನ್ನಾಗಿ ಹೊಂದುತ್ತದೆ. ಇದಕ್ಕೆ 60ಕ್ಕೂ ಹೆಚ್ಚು ಜೊತೆ ಕಾಲುಗಳಿವೆ. ಮನೆಯ ಗೋಡೆಯಲ್ಲಿ ಕಂಡು ನಾವು ಹೆದರುವ ದೊಡ್ಡ ಜರಿಗಳಿಗೆ ಸಾಮಾನ್ಯವಾಗಿ ಇರುವುದು 21 ಜೊತೆ ಮಾತ್ರ. ಬೆದರಿದಾಗ ಹೊಟ್ಟೆಯಡಿಯ ಗ್ರಂಥಿಗಳಿಂದ ಅಂಟುದ್ರವ ಸುರಿಸುತ್ತದೆ, ನೀವು ಅಲಗಿನ ಮೇಲೆ ಕಂಡದ್ದು ಅದನ್ನೇ. ಮಿಂಚುಹುಳುವಿನ ಮರಿಯ ಬೆಳಕು ಮೈಯಲ್ಲೇ ಉಳಿಯುತ್ತದೆ, ಹೀಗೆ ವಸ್ತುವಿಗೆ ಮೆತ್ತಿಕೊಳ್ಳುವುದಿಲ್ಲ. ಈ ಗುಂಪಿನ ಜರಿಗಳಿಗೆ ಕಣ್ಣುಗಳೇ ಇಲ್ಲ ಎನ್ನುವುದು ನನಗೆ ಎಂದಿಗೂ ಸೋಜಿಗದ ಸಂಗತಿ: ಆ ಬೆಳಕು ಅದರ ಸ್ವಂತ ಉಪಯೋಗಕ್ಕಲ್ಲ, ಮೇಲೆರಗುವವರನ್ನು ಬೆದರಿಸಲೆಂದೇ ಇರಬೇಕು.

ಬೇರಿನ ಮಾತು ತಪ್ಪು ತಿಳಿವಳಿಕೆ. ಜರಿಗಳು ಬೇಟೆಗಾರ ಜೀವಿಗಳು. ತಲೆಯ ಹಿಂದಿನ ಮೊದಲ ಜೊತೆ ಕಾಲುಗಳೇ ವಿಷದ ಕೊಂಡಿಗಳಾಗಿದ್ದು, ಮಣ್ಣಿನೊಳಗಿನ ಎಳೆಯ ಹುಳುಗಳನ್ನು ಅವುಗಳಿಂದ ಹಿಡಿಯುತ್ತವೆ. ಎರೆಹುಳುವಿನಂತೆ ಮೈಯನ್ನು ಹಿಗ್ಗಿಸಿ ಕುಗ್ಗಿಸಿ ಮಣ್ಣಿನ ಸಂದಿಗಳಲ್ಲಿ ನುಗ್ಗುವುದರಿಂದ ಗೊಬ್ಬರದ ರಾಶಿ ಅವಕ್ಕೆ ಹೇಳಿಮಾಡಿಸಿದ ಜಾಗ.

ವಿರಾಜಪೇಟೆಯ ಓದುಗರು:
ಒಂದು ಮಾತು ಸೇರಿಸುತ್ತೇನೆ. ನಮ್ಮ ತೋಟದಲ್ಲಿ ಕೊಳೆತ ಸಿಲ್ವರ್ ಓಕ್ ದಿಮ್ಮಿಯನ್ನು ಉರುಳಿಸಿದಾಗ ಇಂಥದೇ ತೆಳ್ಳಗಿನ ಜರಿಯೊಂದು, ಸಾಬಕ್ಕಿಗಿಂತ ಚಿಕ್ಕದಾದ ಮೊಟ್ಟೆಗಳ ಗೊಂಚಲನ್ನು ಸುತ್ತಿಕೊಂಡು ಮಲಗಿತ್ತು. ದಿಮ್ಮಿಯನ್ನು ಮೆಲ್ಲಗೆ ಮೊದಲಿದ್ದಂತೆಯೇ ಇಟ್ಟುಬಿಟ್ಟೆ. ಬೇಸಿಗೆಯಲ್ಲಿ ಮೈ ಬೇಗ ಒಣಗುವುದರಿಂದ ಇವು ಆಳಕ್ಕಿಳಿಯುತ್ತವೆ. ಕಾಣಬೇಕೆಂದರೆ ಮಣ್ಣು ತೇವವಾಗಿರುವ ಮಳೆಗಾಲದಲ್ಲೇ ಹುಡುಕಬೇಕು.

ನಾಪೋಕ್ಲಿನ ಬೆಳೆಗಾರ:
ಧನ್ಯವಾದಗಳು. ಪೊಟ್ಟಣವನ್ನು ಅಂಗಡಿಗೆ ಹಿಂದಿರುಗಿಸುತ್ತೇನೆ. ಉಳಿದರ್ಧ ರಾಶಿಯನ್ನು ಮಳೆ ಹಿಡಿಯುವವರೆಗೆ ಕೆದಕದೆ ಬಿಟ್ಟು, ಒಂದು ರಾತ್ರಿ ಟಾರ್ಚ್ ಆರಿಸಿ ಅಲ್ಲೇ ಕಾದು ನೋಡುವ ಯೋಚನೆಯಿದೆ.