ಹಳೆ ಫೋಟೋಗಳ ಅಡಿಬರಹ: ‘ಟೈಪ್’ಗೆ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರು ಮಲೆನಾಡಿನ ಹಳೆ ಫೋಟೋಗಳನ್ನೆಲ್ಲ ಕೂಡಿಸಿ ಪ್ರದರ್ಶನಕ್ಕಿಡುವವರಿದ್ದಾರೆ. ಇಂಗ್ಲಿಷ್ ಅಡಿಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಫೋಟೋದ ಕೆಳಗೆ ಇರುವುದು ಇಷ್ಟೇ: ‘ಹಸಲ ಟೈಪ್, ಲೀಫ್ ಡ್ರೆಸ್’. ಹಸಲರು ಎಂದರೆ ನಮ್ಮ ಮಲೆನಾಡಿನ ಒಂದು ಸಮುದಾಯ. ಅಂಗಳದಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಹೆಸರಿಲ್ಲ, ಊರಿಲ್ಲ, ಇಸವಿಯೂ ಇಲ್ಲ. ಮೂರು ದಿನದಿಂದ ಆ ‘ಟೈಪ್’ ನನ್ನನ್ನು ಮುಂದೆ ಹೋಗಲು ಬಿಟ್ಟಿಲ್ಲ.

‘ಮಾದರಿ’ ಎಂದರೆ ಮಾದರಿ ರೈತ, ಮಾದರಿ ಶಾಲೆ ನೆನಪಾಗಿ ಹೊಗಳಿದಂತಾಗುತ್ತದೆ. ‘ನಮೂನೆ’ ಇನ್ನೂ ಕಷ್ಟ, ನಮ್ಮ ಕಡೆ ‘ಅವ ಒಂದು ನಮೂನೆ’ ಎಂದರೆ ಅರ್ಥವೇ ಬೇರೆ. ‘ಹಸಲರ ಬಗೆ’ ಎಂದು ಬರೆದರೆ ‘ಬಗ್ಗೆ’ಯ ಒತ್ತು ಬಿಟ್ಟುಹೋಗಿದೆ ಎಂದುಕೊಳ್ಳುತ್ತಾರೆ. ಬರೆದವನ ಮನಸ್ಸಿನಲ್ಲಿದ್ದುದಕ್ಕೆ ತೀರಾ ಹತ್ತಿರದ ಪದ, ಹೇಳಲು ನಾಲಿಗೆ ಏಳದಿದ್ದರೂ, ‘ತಳಿ’. ಮಲೆನಾಡು ಗಿಡ್ಡ ದನಕ್ಕೆ ಹೇಳುತ್ತೇವಲ್ಲ, ಅದೇ ತಳಿ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದ ಫೋಟೋಗಳಲ್ಲೂ ಬಹುಪಾಲು ಜಾತಿ, ಪಂಗಡದ ಹೆಸರೇ ಮನುಷ್ಯನ ಹೆಸರು. ಮದರಾಸು ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಕಂಡವರ ತಲೆ, ಮೂಗು ಅಳೆದು, ಕೆ. ರಂಗಾಚಾರಿ ಅವರೊಂದಿಗೆ ದಕ್ಷಿಣ ಭಾರತದ ಜಾತಿ, ಪಂಗಡಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಹೊರತಂದ. ಒಬ್ಬರ ಮುಖ ನೋಡಿದರೆ ಇಡೀ ಕುಲವನ್ನು ನೋಡಿದಂತೆ ಎಂಬ ಲೆಕ್ಕ. ಅಚ್ಚುಮೊಳೆಗೂ ಟೈಪ್ ಎಂದೇ ಹೆಸರು, ನೋಡಿ. ಇಂಥದ್ದನ್ನು ‘ಭಾವಚಿತ್ರ’ ಎನ್ನಲು ನನಗೆ ಮನಸ್ಸು ಬರಲಿಲ್ಲ. ‘ಫೋಟೋ’ ಎಂದೇ ಬರೆದಿದ್ದೇನೆ.

ಗೆಳೆಯರು ‘ಬುಡಕಟ್ಟು ಮಹಿಳೆ’ ಎಂದು ಬರೆದು ಮುಗಿಸಿ ಎಂದರು. ಬುಡಕಟ್ಟು ಎಂದರೆ ಮೊದಲು ವಂಶದ ಮೂಲ, ಅದು ಎಲ್ಲರಿಗೂ ಇದ್ದದ್ದೇ. ಈಗ ಕೆಲವರಿಗಷ್ಟೇ ಉಳಿದಿದೆ. ಸರ್ಕಾರಿ ಪಟ್ಟಿಯ ‘ಪರಿಶಿಷ್ಟ ಪಂಗಡ’, ಇಲಾಖೆಯ ‘ಗಿರಿಜನ’, ಹೋರಾಟದ ‘ಆದಿವಾಸಿ’ ಇವುಗಳ ಜಗಳ ಇನ್ನೊಂದು ದಿನಕ್ಕಿರಲಿ. ‘ಹಸಲರ ಹೆಂಗಸು’ ಸಾಕು.

‘ಲೀಫ್ ಡ್ರೆಸ್’ ಸುಲಭ ಎಂದುಕೊಂಡು ‘ಎಲೆಯುಡುಗೆ’ ಎಂದು ಬರೆದಿದ್ದೆ. ನಮ್ಮ ತೋಟದ ಆಚೆಯ ಹಸಲರ ಕೇರಿಯ ಅಜ್ಜಿಗೆ ತೋರಿಸಿದೆ. ಅವರು ನಕ್ಕರು. “ಎಂಥ ಎಲೆಯುಡುಗೆ ಮಾರಾಯ್ರೆ, ಇದು ಗೊರಬು!” ನಾಟಿಗೆ ಬಗ್ಗಿದಾಗ ಬೆನ್ನಿಗೆ ಮಳೆ ಬಡಿಯದಂತೆ, ಬಿದಿರ ಸೀಳಿನ ಹಂದರಕ್ಕೆ ಎಲೆ ಹೊದಿಸಿ ಹೆಣೆದ ಗೊರಬು. ನನ್ನ ಅಮ್ಮನೂ ಹೊದ್ದಿದ್ದಳು. ಆದರೂ ಇಂಗ್ಲಿಷ್ ಓದಿದ ಮೇಲೆ ನನ್ನ ಕಣ್ಣಿಗೆ ಅದು ಗೊರಬಾಗಿ ಕಾಣಲೇ ಇಲ್ಲ. ಅಜ್ಜಿ ಮತ್ತೂ ನೋಡಿ, “ಇಂಥ ಬಿಸ್ಲಲ್ಲಿ ಗೊರಬು ಯಾಕೆ ಹಾಕ್ಕಂಡು ನಿಂತಾಳೆ?” ಎಂದರು. ಹೌದು, ಕಾಲ ಬುಡದಲ್ಲಿ ಕಪ್ಪಗೆ ನೆರಳು ಬಿದ್ದಿದೆ.

ಅಮೆರಿಕದ ಮೂಲನಿವಾಸಿಗಳ ಬಗ್ಗೆ 1907ರಿಂದ 1930ರವರೆಗೆ 20 ಸಂಪುಟ ತಂದ ಎಡ್ವರ್ಡ್ ಕರ್ಟಿಸನ ಫೋಟೋವೊಂದು ನೆನಪಾಯಿತು. ಪೀಗನ್ ಜನರ ಗುಡಾರದಲ್ಲಿ ಇಬ್ಬರು ಗಂಡಸರ ನಡುವೆ ಇದ್ದ ಗಡಿಯಾರವನ್ನು ಅಚ್ಚಾಗುವ ಹೊತ್ತಿಗೆ ಅಳಿಸಿದ್ದರು. ಅಲ್ಲಿ ಗಡಿಯಾರ ತೆಗೆದರು, ಇಲ್ಲಿ ಗೊರಬು ಹೊದಿಸಿದರು ಎಂದು ನನ್ನ ಅನುಮಾನ.

ಸದ್ಯಕ್ಕೆ ಹಳೆ ಅಡಿಬರಹವನ್ನು ಉದ್ಧರಣೆಯಲ್ಲಿ ಹಾಗೇ ಇಟ್ಟು, ಕೆಳಗೆ ‘ಗೊರಬು ಹೊದ್ದ ಹಸಲರ ಹೆಂಗಸು, ಬಿಸಿಲಿನಲ್ಲಿ’ ಎಂದು ಬರೆದಿದ್ದೇನೆ. ‘ಬಿಸಿಲಿನಲ್ಲಿ’ ಬೇಡ ಎನ್ನುತ್ತಾರೆ ಗೆಳೆಯರು, ನಾನು ಬಿಡುವವನಲ್ಲ. ‘ಟೈಪ್’ ಅನ್ನು ಟೈಪ್ ಎಂದೇ ಉಳಿಸಲೇ, ‘ತಳಿ’ ಎಂದು ಬರೆದುಬಿಡಲೇ, ನೀವು ಹೇಳಿ.

ಇನ್ನೊಂದು. ಗೊರಬಿನ ತಲೆಯ ತುದಿ ತೋರಿಸಿ ಅಜ್ಜಿ, “ನಮ್ ಕಡೆ ಹಿಂಗೆ ಮೊನಚು ಮಾಡಲ್ಲ” ಎಂದರು. ಸಾಗರ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆಯವರು ಯಾರಾದರೂ ಹೇಳಬಲ್ಲಿರಾ, ತುದಿ ಮೊನಚಾಗಿ ಹೆಣೆಯುವ ಗೊರಬು ಯಾವ ಸೀಮೆಯದು? ಅದಕ್ಕೆ ಬೇರೆ ಹೆಸರೇನಾದರೂ ಇದೆಯೇ?